ಹಳೆಯ ಬ್ರ್ಯಾಂಡೆಡ್ ಎಂಟಿಬಿಯೋ, ಹೊಸ ಅಗ್ಗದ ಗೇರ್ ಸೈಕಲ್ಲೋ? ಫಾರ್ವರ್ಡ್ ನಂಬಿ ದುಡ್ಡು ಕೊಡುವ ಮುನ್ನ

ಸೈಕಲ್ ಕೊಳ್ಳಬೇಕು ಅಂತ ಫ್ಯಾಮಿಲಿ ಗ್ರೂಪಿನಲ್ಲಿ ಒಂದು ಮಾತು ಹಾಕಿ ನೋಡಿ. ಸ್ವಲ್ಪ ಹೊತ್ತಿನಲ್ಲೇ ಎರಡು ಬಗೆಯ ಸಂದೇಶ ಬರುತ್ತವೆ. ಒಂದು, “ಹೊಸ ಅಗ್ಗದ ಗೇರ್ ಸೈಕಲ್ ಬರೀ ಡಬ್ಬಾ, ಅದೇ ದುಡ್ಡಿಗೆ ಹಳೆ ಬ್ರ್ಯಾಂಡೆಡ್ ಎಂಟಿಬಿ ತಗೊಳ್ಳಿ, ಜೀವನಪೂರ್ತಿ ಬರುತ್ತೆ.” ಇನ್ನೊಂದು, “ಸೆಕೆಂಡ್ ಹ್ಯಾಂಡ್ ಮುಟ್ಟಬೇಡಿ, ಅಲ್ಯೂಮಿನಿಯಂ ಫ್ರೇಮಿಗೆ ಐದೇ ವರ್ಷ ಆಯಸ್ಸು, ಆಮೇಲೆ ಓಡುತ್ತಿರುವಾಗಲೇ ಮುರಿಯುತ್ತೆ.”

ಎಂಟಿಬಿ ಎಂದರೆ ಮೌಂಟನ್ ಬೈಕ್. ದಪ್ಪ ಟಯರು, ನೇರ ಹ್ಯಾಂಡಲ್, ಮುಂದೆ ಶಾಕ್ ಅಬ್ಸಾರ್ಬರ್ ಇರುವ, ನಮ್ಮಲ್ಲಿ ಸುಮ್ಮನೆ ‘ಗೇರ್ ಸೈಕಲ್’ ಎಂದು ಕರೆಯುವ ಸೈಕಲ್. ಮೇಲಿನ ಎರಡೂ ಸಂದೇಶಗಳಲ್ಲಿ ಚೂರು ನಿಜವಿದೆ, ಎರಡನ್ನೂ ಹಾಗೇ ನಂಬಿದರೆ ದುಡ್ಡು ಹೋಗುತ್ತದೆ. ಕೆಲವೊಮ್ಮೆ ಹಲ್ಲೂ ಹೋಗುತ್ತದೆ.

ಪೂರ್ತಿ ಓದಲು ಸಮಯ ಇಲ್ಲದವರಿಗೆ ನಮ್ಮ ಉತ್ತರ ಇದು: ಕಲ್ಲುದಾರಿ, ಬೆಟ್ಟದ ಕಾಲುದಾರಿಯಲ್ಲಿ ನಿಜಕ್ಕೂ ಓಡಿಸುವವರಾಗಿದ್ದು, ಸೈಕಲ್ ಗೊತ್ತಿರುವ ಮೆಕ್ಯಾನಿಕ್ ಜೊತೆಗೆ ಬರುವುದಾದರೆ, ಚೆನ್ನಾಗಿ ನೋಡಿಕೊಂಡ ಹಳೆಯ ಎಂಟಿಬಿ ಕೊಳ್ಳಿ. ಆಫೀಸು, ಕಾಲೇಜು, ತರಕಾರಿ ಎನ್ನುವವರು, ಅಥವಾ ಪರೀಕ್ಷಿಸಿ ಹೇಳಲು ಯಾರೂ ಸಿಗದವರು, ಹೊಸದನ್ನೇ ಕೊಳ್ಳಿ. ಆದರೆ ಸಾಧ್ಯವಾದರೆ ಶಾಕ್ ಅಬ್ಸಾರ್ಬರ್ ಇಲ್ಲದ್ದನ್ನು. ಯಾಕೆ ಅಂತ ಮುಂದೆ ನೋಡೋಣ.

ಮೊದಲ ಮೌಂಟನ್ ಬೈಕುಗಳೇ ಸೆಕೆಂಡ್ ಹ್ಯಾಂಡ್

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮರಿನ್ ಕೌಂಟಿ ಎಂಬ ಬೆಟ್ಟದ ಸೀಮೆ ಇದೆ. 1970ರ ದಶಕದಲ್ಲಿ ಅಲ್ಲಿನ ಹುಡುಗರು 1930–40ರ ಕಾಲದ ಶ್ವಿನ್ ಕಂಪನಿಯ ಗುಜರಿ ಸೈಕಲ್‌ಗಳನ್ನು ತಂದು ಬೆಟ್ಟದಿಂದ ಇಳಿಸುತ್ತಿದ್ದರು. 1976ರಲ್ಲಿ ಅದು ‘ರೀಪ್ಯಾಕ್’ ಎಂಬ ರೇಸ್ ಆಯಿತು. ಮೂರು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ ಸುಮಾರು 400 ಮೀಟರ್ ಇಳಿಜಾರು. ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವ ಆ ಹಳೆಯ ಬ್ರೇಕು ಒಂದೇ ಇಳಿತಕ್ಕೆ ಕಾದು, ಒಳಗಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಹಬ್ ಬಿಚ್ಚಿ ಮತ್ತೆ ಗ್ರೀಸ್ ತುಂಬಬೇಕಿತ್ತು, ರೇಸಿಗೆ ಹೆಸರು ಬಂದಿದ್ದೇ ಅದರಿಂದ. ಅದೇ ಗುಂಪಿನ ಜೋ ಬ್ರೀಜ್ 1977ರಲ್ಲಿ ಬೆಟ್ಟಕ್ಕೆಂದೇ ಹೊಸ ಫ್ರೇಮ್ ಕಟ್ಟಿದ. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಅಂಗಡಿಗೆ ಬಂತು.

ಈ ಕಥೆಯಲ್ಲಿ ನಮಗೆ ಬೇಕಾದ್ದು ಒಂದೇ. ಹಳೆಯ ಫ್ರೇಮ್ ತಕ್ಕಮಟ್ಟಿಗೆ ತಡೆಯಿತು, ಮತ್ತೆ ಮತ್ತೆ ಕೈಕೊಟ್ಟದ್ದು ಬ್ರೇಕು ಮತ್ತು ತಿರುಗುವ ಭಾಗಗಳು. ಇವತ್ತು ಹಳೆಯ ಸೈಕಲ್ ನೋಡಲು ಹೋದಾಗಲೂ ಎಲ್ಲರ ಕಣ್ಣು ಫ್ರೇಮಿನ ಹೆಸರಿನ ಮೇಲಿರುತ್ತದೆ, ಖರ್ಚು ಇರುವುದು ಉಳಿದ ಕಡೆ.

ಅಲ್ಯೂಮಿನಿಯಂಗೆ ಐದೇ ವರ್ಷವೇ?

ಇಲ್ಲ. ಆದರೆ ಈ ಮಾತು ಹುಟ್ಟಿದ್ದು ಒಂದು ನಿಜದಿಂದಲೇ. ಲೋಹವನ್ನು ಮತ್ತೆ ಮತ್ತೆ ಬಾಗಿಸಿದರೆ ಅದು ದಣಿಯುತ್ತದೆ. ಉಕ್ಕಿಗೆ ಒಂದು ಮಿತಿ ಇದೆ, ಅದಕ್ಕಿಂತ ಕಡಿಮೆ ಒತ್ತಡವನ್ನು ಎಷ್ಟು ಸಲ ಬೇಕಾದರೂ ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಅಂಥ ಸ್ಪಷ್ಟ ಮಿತಿ ಇಲ್ಲ, ಸಣ್ಣ ಒತ್ತಡವೂ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ. ಇದು ತಯಾರಕರಿಗೆ ಗೊತ್ತಿರುವುದರಿಂದಲೇ ಅಲ್ಯೂಮಿನಿಯಂ ಪೈಪುಗಳನ್ನು ದಪ್ಪಗೆ, ಅಗಲವಾಗಿ ಮಾಡಿ ಒತ್ತಡ ತಗ್ಗಿಸುತ್ತಾರೆ. ಆಯಸ್ಸು ನಿಂತಿರುವುದು ಕ್ಯಾಲೆಂಡರಿನ ಮೇಲಲ್ಲ, ಎಷ್ಟು ಓಡಿದೆ, ಎಷ್ಟು ಎತ್ತರದಿಂದ ಹಾರಿದೆ, ಬಿದ್ದಿದೆಯೇ ಎನ್ನುವುದರ ಮೇಲೆ. ಹತ್ತು ವರ್ಷ ಬಾಲ್ಕನಿಯಲ್ಲಿ ನಿಂತ ಫ್ರೇಮ್ ಎರಡು ವರ್ಷ ಮೆಟ್ಟಿಲು ಹಾರಿದ ಫ್ರೇಮಿಗಿಂತ ಗಟ್ಟಿ ಇರಬಹುದು.

ಆದ್ದರಿಂದ ಇಸವಿ ಕೇಳುವುದಕ್ಕಿಂತ ಒಂದು ಬಟ್ಟೆ, ಮೊಬೈಲ್ ಟಾರ್ಚ್ ಹಿಡಿದುಕೊಂಡು ಹೋಗಿ. ಹ್ಯಾಂಡಲ್ ಕೆಳಗಿನ ಬೆಸುಗೆ, ಸೀಟಿನ ಪೈಪು ಸೇರುವ ಜಾಗ, ಪೆಡಲ್ ಅಚ್ಚಿನ ಸುತ್ತ ಒರೆಸಿ ನೋಡಿ. ಕೂದಲೆಳೆಯಂಥ ಗೆರೆ, ಸುಕ್ಕಾದ ಬಣ್ಣ, ವಿನಾಕಾರಣ ಅಂಟಿಸಿದ ಸ್ಟಿಕ್ಕರ್ ಕಂಡರೆ ಬೆಲೆ ಎಷ್ಟೇ ಇಳಿದರೂ ವಾಪಸ್ ಬನ್ನಿ. ಸೀಟನ್ನು ಮೇಲೆ ಕೆಳಗೆ ಸರಿಸಿ ನೋಡಿ, ತುಕ್ಕಿನಿಂದ ಒಳಗೇ ಕಚ್ಚಿಕೊಂಡಿರುವುದು ಬಹಳ ಸಾಮಾನ್ಯ. ಕಾರ್ಬನ್ ಫ್ರೇಮ್ ಆದರೆ ಒಳಗಿನ ಪೆಟ್ಟು ಹೊರಗೆ ಕಾಣದಿರಬಹುದು. ಮೊದಲ ಸಲ ಕೊಳ್ಳುವವರು ಅದರ ಸಹವಾಸಕ್ಕೆ ಹೋಗದಿರುವುದೇ ವಾಸಿ.

ಹೊಸ ಅಗ್ಗದ ಸೈಕಲ್ಲಿನ ಮೂರು ಆಕರ್ಷಣೆ

ನಾವಿಲ್ಲಿ ಅಗ್ಗ ಎನ್ನುತ್ತಿರುವುದು 15 ಸಾವಿರ ರೂಪಾಯಿ ಒಳಗಿನದ್ದನ್ನು. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವುದು ಮೂರು: 21 ಗೇರ್, ಡ್ಯುಯಲ್ ಡಿಸ್ಕ್ ಬ್ರೇಕ್, ಸಸ್ಪೆನ್ಷನ್.

21 ಗೇರಿನ ಲೆಕ್ಕವನ್ನು ನಾವೇ ಮಾಡಿ ನೋಡಿದೆವು. ಮುಂದೆ 42, 34, 24 ಹಲ್ಲಿನ ಮೂರು ಚಕ್ರ, ಹಿಂದೆ 14ರಿಂದ 28 ಹಲ್ಲಿನ ಏಳು ಚಕ್ರ ಇರುವ ಸಾಮಾನ್ಯ ಜೋಡಣೆ ತೆಗೆದುಕೊಳ್ಳಿ. ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿದರೆ ಗೇರಿನ ಅನುಪಾತ ಸಿಗುತ್ತದೆ. 42ನ್ನು 28ರಿಂದ ಭಾಗಿಸಿದರೆ 1.5. 24ನ್ನು 16ರಿಂದ ಭಾಗಿಸಿದರೂ 1.5. ಅಂದರೆ ಎರಡು ಬೇರೆ ಗೇರ್, ಕಾಲಿಗೆ ಒಂದೇ ಅನುಭವ. ಹೀಗೆ ಒಂದರ ಮೇಲೊಂದು ಬೀಳುವವು ಹಲವಿವೆ. ಅತಿ ಹಗುರ ಗೇರ್ 0.86, ಅತಿ ಭಾರದ್ದು 3. ಈಗ ಮುಂದೆ 32 ಹಲ್ಲಿನ ಒಂದೇ ಚಕ್ರ, ಹಿಂದೆ 11ರಿಂದ 42 ಹಲ್ಲಿನ ಹತ್ತು ಚಕ್ರ ಇರುವ ಸೈಕಲ್ ನೋಡಿ. ಹಗುರದ್ದು 0.76, ಭಾರದ್ದು 2.9. ಹತ್ತೇ ಗೇರಿನ ಸೈಕಲ್ ದಿಣ್ಣೆ ಹತ್ತಲು ಇಪ್ಪತ್ತೊಂದರದ್ದಕ್ಕಿಂತ ಸುಲಭ! ಗೇರಿನ ಸಂಖ್ಯೆ ನೋಡಿ ಸೈಕಲ್ ಅಳೆಯುವುದು ಟಿವಿಯನ್ನು ಚಾನೆಲ್ ಎಣಿಸಿ ಕೊಂಡಂತೆ.

ಡಿಸ್ಕ್ ಬ್ರೇಕ್ ಮಳೆ, ಕೆಸರಲ್ಲಿ ಒಳ್ಳೆಯದು, ಅದು ನಿಜ. ಆದರೆ ಈ ಬೆಲೆಯಲ್ಲಿ ಸಿಗುವುದು ಹೆಚ್ಚಾಗಿ ಕೇಬಲ್ ಎಳೆಯುವ ಡಿಸ್ಕ್. ಕೇಬಲ್ ಸಡಿಲವಾದರೆ, ಪ್ಯಾಡ್ ಹೊಂದಿಸದಿದ್ದರೆ, ಅದಕ್ಕಿಂತ ಸರಿಯಾಗಿ ಹೊಂದಿಸಿದ ಹಳೆಯ ವಿ-ಬ್ರೇಕೇ ಚೆನ್ನಾಗಿ ನಿಲ್ಲಿಸುತ್ತದೆ.

ಸಸ್ಪೆನ್ಷನ್ ವಿಷಯದಲ್ಲಿ ನಮಗೆ ಸ್ವಲ್ಪ ಸಿಟ್ಟೇ ಇದೆ. ಒಳ್ಳೆಯ ಫೋರ್ಕಿನಲ್ಲಿ ಸ್ಪ್ರಿಂಗ್ ಕುಗ್ಗಿದ ಮೇಲೆ ಅದನ್ನು ನಿಧಾನಕ್ಕೆ ಎತ್ತುವ ಎಣ್ಣೆಯ ವ್ಯವಸ್ಥೆ ಇರುತ್ತದೆ. ಅಗ್ಗದವುಗಳಲ್ಲಿ ಸಾಮಾನ್ಯವಾಗಿ ಬರೀ ಸ್ಪ್ರಿಂಗ್. ಗುಂಡಿಗೆ ಬಿದ್ದಾಗ ಕುಗ್ಗಿ, ಅಷ್ಟೇ ಜೋರಾಗಿ ವಾಪಸ್ ಎಗರುತ್ತದೆ, ಕಲ್ಲುದಾರಿಯ ಇಳಿಜಾರಿನಲ್ಲಿ ಮುಂದಿನ ಚಕ್ರ ನೆಲ ಬಿಡುತ್ತದೆ. ಡಾಂಬರು ರಸ್ತೆಯಲ್ಲಿ ಅದು ಬರೀ ಹೊರೆ. ಹಿಂದೆಯೂ ಸ್ಪ್ರಿಂಗ್ ಇರುವ ‘ಡಬಲ್ ಶಾಕರ್’ ಅಂತೂ ಈ ಬೆಲೆಯಲ್ಲಿ ಬೇಡವೇ ಬೇಡ, ನೀವು ತುಳಿದ ಶ್ರಮದ ಒಂದು ಪಾಲನ್ನು ಆ ಸ್ಪ್ರಿಂಗ್ ತಿನ್ನುತ್ತದೆ.

ಜಾಹೀರಾತಿನಲ್ಲಿ ಕಾಣದ ನಾಲ್ಕನೆಯ ಸಂಗತಿ ಹಿಂದಿನ ಹಬ್. ಅಗ್ಗದ ಸೈಕಲ್‌ಗಳಲ್ಲಿ ಹಲ್ಲುಚಕ್ರದ ಗುಚ್ಛವನ್ನು ಹಬ್ಬಿಗೆ ತಿರುಗಿಸಿ ಕೂರಿಸಿರುತ್ತಾರೆ, ಅದಕ್ಕೆ ಫ್ರೀವೀಲ್ ಎನ್ನುತ್ತಾರೆ. ಆಗ ಬಲಗಡೆಯ ಬೇರಿಂಗ್ ಒಳಕ್ಕೆ ಸರಿದು, ಅಚ್ಚಿನ ತುದಿ ಆಸರೆಯಿಲ್ಲದೆ ಉಳಿಯುತ್ತದೆ. ಭಾರದ ಆಳು ಗುಂಡಿಗೆ ಬಿದ್ದಾಗ ಅಚ್ಚು ಬಾಗುವುದು ಇಲ್ಲೇ. ಕ್ಯಾಸೆಟ್ ಎನ್ನುವ ಇನ್ನೊಂದು ವಿಧದಲ್ಲಿ ಬೇರಿಂಗ್ ತುದಿಗೆ ಹತ್ತಿರ ಇರುತ್ತದೆ. ಗುರುತಿಸುವುದು ಸುಲಭ: ಹಿಂದಿನ ಹಲ್ಲುಚಕ್ರಗಳನ್ನು ಹಿಮ್ಮುಖ ತಿರುಗಿಸಿ. ನಡುವಿನ, ಉಪಕರಣ ಕೂರುವ ಗಾಡಿಗಳು ಜೊತೆಗೇ ತಿರುಗಿದರೆ ಕ್ಯಾಸೆಟ್, ನಿಂತೇ ಇದ್ದರೆ ಫ್ರೀವೀಲ್. ಹಳೆಯ ಎಂಟಿಬಿ ಬಹಳ ಸಲ ಗೆಲ್ಲುವುದು ಹೆಸರಿನಿಂದಲ್ಲ, ಈ ಹಬ್ಬಿನಿಂದ.

ತೂಕದ ಮಾತನ್ನೂ ಮುಗಿಸಿಬಿಡೋಣ. 70 ಕೆ.ಜಿ. ಆಳು 17 ಕೆ.ಜಿ. ಸೈಕಲ್ ಬಿಟ್ಟು 14 ಕೆ.ಜಿ.ಯದ್ದು ಹತ್ತಿದರೆ ಒಟ್ಟು ಭಾರ ಇಳಿಯುವುದು ಶೇ. 3ರಿಂದ 4. ನಂದಿ ಬೆಟ್ಟ ಹತ್ತಲು 45 ನಿಮಿಷ ಬೇಕಿದ್ದರೆ ಒಂದೂವರೆ ನಿಮಿಷ ಉಳಿದೀತು. ಅಷ್ಟೇ.

ಹಳೆಯದರಲ್ಲಿ ದುಡ್ಡು ಸೋರುವ ಜಾಗ

ನಮ್ಮ ತಂಡದಲ್ಲೊಬ್ಬರು ಹಳೆಯ 26 ಇಂಚಿನ ಅಲ್ಯೂಮಿನಿಯಂ ಎಂಟಿಬಿಯನ್ನು 9 ಸಾವಿರಕ್ಕೆ ಕೊಂಡರು. ತೊಳೆದು ಪಾಲಿಶ್ ಮಾಡಿ ಇಟ್ಟಿದ್ದರು, ಫೋಟೋದಲ್ಲಿ ಹೊಸದರಂತೆಯೇ ಇತ್ತು. ಮೆಕ್ಯಾನಿಕ್ ಬಳಿ ಒಯ್ದಾಗ ಚೈನ್ ಹಿಗ್ಗಿತ್ತು, ಅದರ ಜೊತೆ ಹಿಂದಿನ ಹಲ್ಲುಚಕ್ರಗಳೂ ಸವೆದಿದ್ದವು, ಒಂದು ಟಯರಿನ ಪಕ್ಕ ಬಿರಿದಿತ್ತು, ಫೋರ್ಕಿನಲ್ಲಿ ಎಣ್ಣೆ ಒಣಗಿತ್ತು. ಮತ್ತೆ ಆರೂವರೆ ಸಾವಿರ. ಒಟ್ಟು 15,500. ಸೈಕಲ್ ಇವತ್ತಿಗೂ ಚೆನ್ನಾಗಿ ಓಡುತ್ತಿದೆ, ಅವರಿಗೆ ಬೇಸರವಿಲ್ಲ. ಆದರೆ ಮನೆಯಲ್ಲಿ 9 ಸಾವಿರ ಎಂದೇ ಹೇಳಿದ್ದಾರೆ.

ಚೈನ್ ನೀವೇ ಅಳೆಯಬಹುದು. ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು. ಉಕ್ಕಿನ ಸ್ಕೇಲ್ ಹಿಡಿದು 24 ಪಿನ್ ಎಣಿಸಿದರೆ ಸರಿಯಾಗಿ 12 ಇಂಚು ಬರಬೇಕು. 12 ಇಂಚು ದಾಟಿ ಒಂದು ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಿದ್ದರೆ ಚೈನ್ ಬದಲಿಸುವ ಹೊತ್ತು. ಎಂಟನೇ ಒಂದು ಭಾಗ ಹೆಚ್ಚಿದ್ದರೆ ಹಲ್ಲುಚಕ್ರಗಳಿಗೂ ದುಡ್ಡು ಎತ್ತಿಡಿ.

ಫೋರ್ಕಿನ ಮುಂದಿನ ಬ್ರೇಕ್ ಒತ್ತಿ, ಹ್ಯಾಂಡಲ್ ಮೇಲೆ ಭಾರ ಹಾಕಿ. ನುಣ್ಣಗೆ ಕುಗ್ಗಿ ನಿಧಾನಕ್ಕೆ ಏಳಬೇಕು. ಹೊಳೆಯುವ ಕಾಲುಗಳಲ್ಲಿ ಗೀರು, ಸವೆತ ಇದ್ದರೆ ಅದು ದೊಡ್ಡ ಖರ್ಚು. ರಾಕ್‌ಶಾಕ್ಸ್‌ನಂಥ ತಯಾರಕರು ಪ್ರತಿ 50 ಗಂಟೆ ಓಟಕ್ಕೊಮ್ಮೆ ಫೋರ್ಕಿನ ಕೆಳಭಾಗ ಬಿಚ್ಚಿ ಸರ್ವಿಸ್ ಮಾಡಲು ಹೇಳುತ್ತಾರೆ. ಮಾರುವವರನ್ನು ಕೇಳಿ ನೋಡಿ, ಮುಖದಲ್ಲೇ ಉತ್ತರ ಸಿಗುತ್ತದೆ. ಹೊಸ ಫೋರ್ಕ್ ಹಾಕಿಸೋಣ ಎಂದರೆ ಅದೂ ಸುಲಭವಲ್ಲ. ಹಳೆಯ ಫ್ರೇಮುಗಳಿಗೆ ಉದ್ದಕ್ಕೂ 28.6 ಮಿ.ಮೀ. ಇರುವ ನೇರ ಕೊಳವೆ ಬೇಕು, ಈಗಿನ ಒಳ್ಳೆಯ ಫೋರ್ಕುಗಳು ಹೆಚ್ಚಾಗಿ ಕೆಳಗೆ ದಪ್ಪ, ಮೇಲೆ ಸಣ್ಣ.

“26 ಇಂಚಿನ ಚಕ್ರ ಹಳೆಯದಾಯ್ತು, ಟಯರೇ ಸಿಗಲ್ಲ” ಎನ್ನುವುದೂ ಓಡಾಡುತ್ತಿದೆ. ದುಬಾರಿ ಸೈಕಲ್‌ಗಳು 27.5 ಮತ್ತು 29 ಇಂಚಿಗೆ ಹೋಗಿವೆ ನಿಜ. ಆದರೆ ನಮ್ಮ ದೇಶದ ಅಗ್ಗದ ಗೇರ್ ಸೈಕಲ್‌ಗಳು ಇವತ್ತಿಗೂ 26ರಲ್ಲೇ ಬರುತ್ತಿರುವುದರಿಂದ ಟಯರಿಗೆ ಬರವಿಲ್ಲ. ಎಚ್ಚರ ಬೇಕಿರುವುದು ಬೇರೆ ಕಡೆ. 26 × 1.95 ಎಂದು ದಶಾಂಶದಲ್ಲಿ ಬರೆದ ಎಂಟಿಬಿ ಟಯರ್ ಕೂರುವುದು 559 ಮಿ.ಮೀ. ರಿಮ್ಮಿಗೆ. 26 × 1⅜ ಎಂದು ಭಿನ್ನರಾಶಿಯಲ್ಲಿ ಬರೆದದ್ದು 590 ಮಿ.ಮೀ. ರಿಮ್ಮಿನದ್ದು. ಎರಡೂ ‘26’ ಆದರೂ ಒಂದು ಇನ್ನೊಂದಕ್ಕೆ ಕೂರದು.

ಅಳತೆ ಮರೆಯಬೇಡಿ. ಹಲವು ಬಜೆಟ್ ಮಾದರಿಗಳು ಒಂದೇ ಫ್ರೇಮ್ ಅಳತೆಯಲ್ಲಿ ಬರುತ್ತವೆ, ಹಳೆಯದನ್ನು ಮಾರುವವರ ಬಳಿಯಂತೂ ಇರುವುದೇ ಒಂದು. ಸೈಕಲ್ ನಡುವೆ ನಿಂತಾಗ ಮೇಲಿನ ಪೈಪಿಗೂ ದೇಹಕ್ಕೂ ಕನಿಷ್ಠ ಮೂರು ಬೆರಳು ಅಂತರ ಇಲ್ಲದಿದ್ದರೆ ಬೇರೆ ಯಾವ ಗುಣವೂ ಉಪಯೋಗಕ್ಕಿಲ್ಲ.

ಹೊಸದು ಎಂದರೆ ಸುರಕ್ಷಿತವೇ?

ಆನ್‌ಲೈನ್‌ನಲ್ಲಿ ಬರುವ ಸೈಕಲ್ ಅರೆಬರೆ ಜೋಡಿಸಿ ಡಬ್ಬದಲ್ಲಿ ಬರುತ್ತದೆ, ಉಳಿದದ್ದು ನಿಮ್ಮ ಕೆಲಸ. ನಮ್ಮಲ್ಲೊಬ್ಬರ ತಮ್ಮ ಹೀಗೇ ತರಿಸಿ, ವಿಡಿಯೋ ನೋಡಿ ತಾನೇ ಜೋಡಿಸಿದ. ಮೂರನೇ ದಿನ ಇಳಿಜಾರಿನಲ್ಲಿ ಹ್ಯಾಂಡಲ್ ತಿರುಗಿತು, ಚಕ್ರ ತಿರುಗಲಿಲ್ಲ. ಮಣಿಕಟ್ಟು ಮುರಿದು ಆರು ವಾರ ಪ್ಲಾಸ್ಟರ್. ಹ್ಯಾಂಡಲ್ ಬಿಗಿಯುವ ಬೋಲ್ಟ್ ಸಡಿಲವಿತ್ತು, ಅಷ್ಟೇ.

ಆದ್ದರಿಂದ ಜೋಡಣೆಯನ್ನು ಅಂಗಡಿಯಲ್ಲೇ ಮಾಡಿಸಿ. ಆಮೇಲೂ ಮುಂದಿನ ಚಕ್ರವನ್ನು ಮೊಣಕಾಲ ನಡುವೆ ಹಿಡಿದು ಹ್ಯಾಂಡಲ್ ತಿರುಗಿಸಿ ನೋಡಿ, ಅಲುಗಬಾರದು. ಮುಂದೆ ಡಿಸ್ಕ್ ಇದ್ದರೆ ಅದನ್ನು ಹಿಡಿಯುವ ಭಾಗ ಕೂತವರ ಎಡಗಡೆ, ಫೋರ್ಕಿನ ಹಿಂಬದಿಗಿರಬೇಕು. ಮುಂಬದಿಗಿದ್ದರೆ ಫೋರ್ಕನ್ನೇ ತಿರುಗಾಮುರುಗಾ ಹಾಕಿದ್ದಾರೆ. ಎಡ ಪೆಡಲ್ ಬಿಗಿಯಾಗುವುದು ಗಡಿಯಾರದ ವಿರುದ್ಧ ದಿಕ್ಕಿಗೆ, ಇದು ಗೊತ್ತಿಲ್ಲದೆ ಮರೆ ಹಾಳು ಮಾಡಿಕೊಂಡವರು ಬಹಳ.

ಕೈಪಿಡಿಯಲ್ಲಿ ಸೈಕಲ್ಲಿನ ಬಳಕೆಯ ದರ್ಜೆ ಬರೆದಿದ್ದರೆ ಓದಿ. ಅಮೆರಿಕದ ಎಎಸ್‌ಟಿಎಂ ಮಾನದಂಡದಲ್ಲಿ 2ನೇ ದರ್ಜೆ ಎಂದರೆ ಜಲ್ಲಿ, ಮಣ್ಣುರಸ್ತೆ, 15 ಸೆಂ.ಮೀ. ಒಳಗಿನ ಜಿಗಿತ ಮಾತ್ರ. ಒರಟು ಕಾಲುದಾರಿಗೆ ಕನಿಷ್ಠ 3ನೇ ದರ್ಜೆ ಬೇಕು. ಬಾಕ್ಸ್ ಮೇಲೆ ಬೆಟ್ಟ ಹಾರುವ ಚಿತ್ರವಿದ್ದು, ಒಳಗೆ ಸಣ್ಣಕ್ಷರದಲ್ಲಿ ಹಾರಬೇಡಿ ಎಂದಿದ್ದರೆ ನಂಬಬೇಕಾದ್ದು ಸಣ್ಣಕ್ಷರವನ್ನು.

ಬೆಲೆ ಮಾತಾಡುವಾಗ

2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಮಾರುವವರು ತಾವು ಅಂದು ಕೊಟ್ಟ ಬೆಲೆಯಿಂದ ಲೆಕ್ಕ ಶುರು ಮಾಡುತ್ತಾರೆ, ನೀವು ಅದೇ ಮಟ್ಟದ ಹೊಸ ಸೈಕಲ್ಲಿನ ಇವತ್ತಿನ ಬೆಲೆಯಿಂದ ಶುರು ಮಾಡಿ. ಅದಕ್ಕೂ ಮುಂಚೆ ಚೈನ್, ಕ್ಯಾಸೆಟ್, ಎರಡು ಟಯರು, ಬ್ರೇಕ್ ಪ್ಯಾಡ್, ಫೋರ್ಕ್ ಸರ್ವಿಸ್ ಎಷ್ಟಾಗುತ್ತದೆ ಎಂದು ನಿಮ್ಮ ಊರಿನ ಅಂಗಡಿಯಲ್ಲಿ ಕೇಳಿ ಬರೆದುಕೊಳ್ಳಿ. ಆ ಮೊತ್ತವನ್ನು ಹಳೆಯದರ ಬೆಲೆಗೆ ಸೇರಿಸಿದಾಗಲೂ ಹೊಸ ಅಗ್ಗದ್ದರ ಆಸುಪಾಸಿನಲ್ಲೇ ಇದ್ದರೆ ಹಳೆಯದು ಲಾಭ. ಫ್ರೇಮಿನ ವಾರಂಟಿ ಸಾಮಾನ್ಯವಾಗಿ ಮೊದಲ ಮಾಲೀಕರಿಗೆ ಮಾತ್ರ, ಅದಕ್ಕೆ ಬೆಲೆ ಕಟ್ಟಬೇಡಿ.

ಕೊನೆಗೆ ಬಿಲ್ಲು. ಸೈಕಲ್ಲಿಗೆ ಆರ್‌ಸಿ ಪುಸ್ತಕ ಇಲ್ಲ, ಹಾಗಾಗಿ ಕದ್ದ ಸೈಕಲ್ ಮಾರುವುದು ಸುಲಭ. ಪೆಡಲ್ ಅಚ್ಚಿನ ಕೊಳವೆಯ ಅಡಿಯಲ್ಲಿ ಕೊರೆದ ನಂಬರ್ ಇರುತ್ತದೆ. ಅದನ್ನು ಬಿಲ್ಲಿನ ಜೊತೆ ಹೋಲಿಸಿ, ಉಜ್ಜಿ ಅಳಿಸಿದ್ದರೆ ಕೈ ಬಿಡಿ. ಕದ್ದದ್ದೆಂದು ಗೊತ್ತಿದ್ದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಅಡಿ ಮೂರು ವರ್ಷದವರೆಗೆ ಜೈಲು ಆಗಬಹುದು. ಬಿಲ್ ಕಳೆದಿದೆ ಎಂದರೆ ಮಾರುವವರ ಗುರುತಿನ ಚೀಟಿಯ ಪ್ರತಿ, ಫ್ರೇಮ್ ನಂಬರ್ ಬರೆದ ಸಹಿ ಚೀಟಿ ಪಡೆದು, ದುಡ್ಡನ್ನು ಯುಪಿಐನಲ್ಲೇ ಕಳಿಸಿ. ಚೀಟಿ ಬರೆದುಕೊಡಲು ಹಿಂದೆಮುಂದೆ ನೋಡಿದರೆ ಟೆಸ್ಟ್ ರೈಡಿಗೂ ಹತ್ತಬೇಡಿ.