ಎರವಲು ಕಾರು ಮತ್ತು ವಿಮೆ

ಬಾಡಿಗೆ ಪಡೆಯದೆ, ಹೆಸರು ವರ್ಗಾಯಿಸದೆ, ನಂಬಿಕೆಯ ಮೇಲೆ ಬೇರೊಬ್ಬರಿಗೆ ಓಡಿಸಲು ಕೊಟ್ಟ ಖಾಸಗಿ ಕಾರನ್ನು ಎರವಲು ಕಾರು ಎನ್ನಬಹುದು. ಮೈಸೂರಿನಲ್ಲಿ ಇದು ದಿನನಿತ್ಯ ನಡೆಯುವ ಕೊಡುಕೊಳ್ಳುವಿಕೆ. ದಸರೆಗೆ ಬಂದ ನೆಂಟರನ್ನು ಚಾಮುಂಡಿ ಬೆಟ್ಟಕ್ಕೆ ಕರೆದೊಯ್ಯಲು, ನಂಜನಗೂಡಿನಲ್ಲಿ ನಡೆಯುವ ಮದುವೆಗೆ ಹೋಗಿಬರಲು, ಮಗಳನ್ನು ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಬಿಡಲು ಪಕ್ಕದ ಮನೆಯವರ ಗಾಡಿ ಕೇಳುವುದಕ್ಕೆ ಇಲ್ಲಿ ಯಾರೂ ಸಂಕೋಚಪಡುವುದಿಲ್ಲ. ಕೊಡುವವರು ಪೆಟ್ರೋಲು ಎಷ್ಟಿದೆ, ಸಂಜೆ ಎಷ್ಟು ಹೊತ್ತಿಗೆ ವಾಪಸ್ಸು ಎಂದು ಕೇಳುತ್ತಾರೆ. ಡಿಎಲ್ ತೋರಿಸಿ ಎನ್ನುವವರು ಕಡಿಮೆ. ಕೇಳಲೇಬೇಕಾದ ಮಾತು ಅದೊಂದೇ.

ಭಾರತದಲ್ಲಿ ಮೋಟಾರು ವಿಮೆ ವಾಹನಕ್ಕೆ ಸೇರಿದ್ದು, ಓಡಿಸುವವರಿಗಲ್ಲ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಪಾಲಿಸಿಯಲ್ಲಿ ಹೆಸರಿಸಿದ ಚಾಲಕರಿಗಷ್ಟೇ ರಕ್ಷಣೆ ಸಿಗುತ್ತದೆ. ನಮ್ಮಲ್ಲಿ ಖಾಸಗಿ ಕಾರಿನ ಪಾಲಿಸಿಯ ಚಾಲಕ ಷರತ್ತು ವಿಮೆದಾರರನ್ನೂ ಸೇರಿಸಿ, ಅಪಘಾತದ ಹೊತ್ತಿನಲ್ಲಿ ಚಾಲ್ತಿಯ ಲೈಸೆನ್ಸ್ ಇದ್ದ ಯಾರು ಬೇಕಾದರೂ ಓಡಿಸಬಹುದು ಎನ್ನುತ್ತದೆ. ಕಲಿಯುವವರ ಲೈಸೆನ್ಸ್ ಇದ್ದವರೂ ನಿಯಮದಂತೆ ‘ಎಲ್’ ಫಲಕ ಹಾಕಿ, ಪಕ್ಕದಲ್ಲಿ ಲೈಸೆನ್ಸ್ ಉಳ್ಳವರನ್ನು ಕೂರಿಸಿಕೊಂಡಿದ್ದರೆ ಇದರೊಳಗೆ ಬರುತ್ತಾರೆ. ಆದ್ದರಿಂದ ಗೆಳೆಯರಿಗೆ ಕಾರು ಕೊಟ್ಟ ಮಾತ್ರಕ್ಕೆ ವಿಮೆ ಬಿದ್ದುಹೋಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ.

ತೊಡಕು ಲೈಸೆನ್ಸಿನಲ್ಲಿದೆ. ಗೇರ್ ಇರುವ ಬೈಕಿಗೆ ಮಾತ್ರ ಪಡೆದ ಡಿಎಲ್ ಕಾರಿಗೆ ನಡೆಯದು. ಅದರಲ್ಲಿ ‘ಎಲ್‌ಎಂವಿ’ ಎಂಬ ನಮೂದು ಇರಬೇಕು. ಅವಧಿಯನ್ನೂ ನೋಡಬೇಕು. ಹೊರದೇಶದಲ್ಲಿ ಕೆಲಸದಲ್ಲಿರುವ ಮಕ್ಕಳು ರಜೆಗೆ ಮೈಸೂರಿಗೆ ಬಂದವರೇ ಅಪ್ಪನ ಕಾರು ತೆಗೆಯುತ್ತಾರೆ. ಅವರ ಇಲ್ಲಿನ ಡಿಎಲ್ ಅವಧಿ ಎಂದೋ ಮುಗಿದಿರುತ್ತದೆ. ಮುಗಿದ ಮೇಲೆ 30 ದಿನ ನಡೆಯುತ್ತದೆ ಎಂಬ ಹಳೆಯ ರಿಯಾಯಿತಿಯನ್ನು 2019ರ ತಿದ್ದುಪಡಿ ತೆಗೆದುಹಾಕಿದೆ.

ಲೈಸೆನ್ಸ್ ಇಲ್ಲದವರಿಗೆ ಕಾರು ಕೊಡುವುದು ಮಾಲೀಕರದ್ದೇ ಅಪರಾಧ. 1988ರ ಮೋಟಾರು ವಾಹನ ಕಾಯ್ದೆಯ 5ನೆಯ ಕಲಂ ಇದನ್ನು ನಿಷೇಧಿಸುತ್ತದೆ. 180ನೆಯ ಕಲಂ ಮೂರು ತಿಂಗಳವರೆಗೆ ಸೆರೆ, 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಓಡಿಸಿದ್ದು 18 ತುಂಬದ ಮಗನಾದರೆ 199ಎ ಕಲಂ ಪ್ರಕಾರ ಪೋಷಕರು ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ. ಕಾರಿನ ನೋಂದಣಿ 12 ತಿಂಗಳು ರದ್ದಾಗುತ್ತದೆ, ಮಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ.

ಇಂಥ ಸಂದರ್ಭದಲ್ಲಿ ಗಾಯಗೊಂಡ ದಾರಿಹೋಕರ ಗತಿಯೇನು? 2004ರ ಜನವರಿ 5ರಂದು ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ದಾರಿ ತೋರಿತು. ಚಾಲಕರ ಬಳಿ ಲೈಸೆನ್ಸ್ ಇರಲಿಲ್ಲ ಎಂದರಷ್ಟೇ ಸಾಲದು, ಮಾಲೀಕರು ತಿಳಿದೋ ಅಸಡ್ಡೆಯಿಂದಲೋ ಕೊಟ್ಟರೆಂದು ಕಂಪನಿಯೇ ಸಾಬೀತು ಮಾಡಬೇಕು. ಸಾಬೀತಾದರೂ ಮೊದಲು ಸಂತ್ರಸ್ತರಿಗೆ ಹಣ ಕೊಡಿ, ಆಮೇಲೆ ಮಾಲೀಕರಿಂದ ವಸೂಲಿ ಮಾಡಿಕೊಳ್ಳಿ ಎಂದು ನ್ಯಾಯಾಲಯ ಆದೇಶಿಸಬಹುದು. ನೊಂದವರ ಮಟ್ಟಿಗೆ ಇದು ನ್ಯಾಯ. ಕಾರು ಕೊಟ್ಟವರ ಮಟ್ಟಿಗೆ, ಲಕ್ಷಾಂತರ ರೂಪಾಯಿಯ ವಸೂಲಿ ನೋಟಿಸು ಮನೆಯ ಬಾಗಿಲಿಗೆ ಬರುವ ದಾರಿ.

ಎಲ್ಲ ದಾಖಲೆ ಸರಿಯಿದ್ದರೂ ಒಬ್ಬರು ಮಾತ್ರ ರಕ್ಷಣೆಯಿಂದ ಹೊರಗೆ ಉಳಿದುಬಿಡುತ್ತಾರೆ: ಎರವಲು ಪಡೆದವರು. ಇದನ್ನು ಸ್ಪಷ್ಟಪಡಿಸಿದ್ದು ಬಾಗಲಕೋಟೆ ಜಿಲ್ಲೆಯ ಒಂದು ಪ್ರಕರಣ. ಒಬ್ಬರು ಪರಿಚಿತರ ಹೀರೋ ಹೋಂಡಾ ಬೈಕನ್ನು ಕೇಳಿ ಪಡೆದು ಇಳಕಲ್ಲಿನಿಂದ ತಮ್ಮೂರು ಗೂಡೂರಿಗೆ ಹೊರಟಿದ್ದರು. ಇಳಕಲ್–ಕುಷ್ಟಗಿ ಹೆದ್ದಾರಿಯಲ್ಲಿ ಮುಂದೆ ಕಬ್ಬಿಣದ ಹಾಳೆ ಹೇರಿಕೊಂಡು ಹೋಗುತ್ತಿದ್ದ ಎತ್ತಿನ ಗಾಡಿ ತಟ್ಟನೆ ನಿಂತಿತು. ಬೈಕು ಅದಕ್ಕೆ ಬಡಿಯಿತು. ಆಸ್ಪತ್ರೆಯ ದಾರಿಯಲ್ಲೇ ಸವಾರರು ತೀರಿಕೊಂಡರು. ಅವರ ಪತ್ನಿ ಯುನೈಟೆಡ್ ಇಂಡಿಯಾ ಇನ್ಶೂರೆನ್ಸ್ ಕಂಪನಿಯ ವಿರುದ್ಧ ಹೂಡಿದ ದಾವೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2009ರ ಮೇ 13ರ ತೀರ್ಪು ಹೇಳಿದ್ದು ಇಷ್ಟು: ಎರವಲು ಪಡೆದವರು ಆ ಹೊತ್ತಿಗೆ ಮಾಲೀಕರ ಸ್ಥಾನದಲ್ಲಿ ನಿಲ್ಲುತ್ತಾರೆ. ಪರಿಹಾರ ಕೊಡಬೇಕಾದವರೂ ಮಾಲೀಕರೇ, ಪಡೆಯಬೇಕಾದವರೂ ಮಾಲೀಕರೇ ಆಗುವುದು ಸಾಧ್ಯವಿಲ್ಲ, ಆದ್ದರಿಂದ ಆಗ ಜಾರಿಯಲ್ಲಿದ್ದ 163ಎ ಕಲಮಿನಡಿ ಅವರ ಕುಟುಂಬಕ್ಕೆ ಪರಿಹಾರವಿಲ್ಲ. 166ನೆಯ ಕಲಮಿನಡಿ ಏನಾದರೂ ಸಿಗುವುದೇ ಎಂದು ಪರಿಶೀಲಿಸಲು ವಿಷಯವನ್ನು ಹೈಕೋರ್ಟಿಗೆ ಮರಳಿಸಿತು. ತರ್ಕ ನೇರವಾಗಿದೆ, ಆದರೆ ಫಲ ಕಠೋರ. ಬೈಕಿನ ಮಾತು ಕಾರಿಗೂ ಅಷ್ಟೇ ಅನ್ವಯಿಸುತ್ತದೆ.

ಪಾಲಿಸಿಯ ಜೊತೆಗೆ ಬರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಇಲ್ಲಿ ನೆರವಿಗೆ ಬರುವುದಿಲ್ಲ. ಅದು ಮಾಲೀಕರೇ ಓಡಿಸುತ್ತಿದ್ದಾಗ ಮಾಲೀಕರಿಗೆ ಮಾತ್ರ. ಆಗಾಗ ಬೇರೆಯವರ ಗಾಡಿ ಓಡಿಸುವವರು ತಮ್ಮ ಹೆಸರಿನಲ್ಲೇ ಪ್ರತ್ಯೇಕ ಅಪಘಾತ ವಿಮೆ ಇಟ್ಟುಕೊಳ್ಳುವುದು ಒಳ್ಳೆಯದು.

ಕಾರಿನೊಳಗೆ ಕುಳಿತವರ ಪರಿಸ್ಥಿತಿ ಪಾಲಿಸಿಯ ಬಗೆಯನ್ನು ಅವಲಂಬಿಸಿದೆ. ಜನ ‘ಫುಲ್ ಇನ್ಶೂರೆನ್ಸ್’ ಎನ್ನುವ ಪ್ಯಾಕೇಜ್ ಪಾಲಿಸಿಯಲ್ಲಿ ಖಾಸಗಿ ಕಾರಿನ ಪ್ರಯಾಣಿಕರು ಒಳಗೊಳ್ಳುತ್ತಾರೆ. ವಿಮಾ ನಿಯಂತ್ರಣ ಪ್ರಾಧಿಕಾರ 2009ರ ನವೆಂಬರ್ 16ರ ಸುತ್ತೋಲೆಯಲ್ಲಿ ಇದನ್ನು ಖಚಿತಪಡಿಸಿತು. ಬರೀ ಥರ್ಡ್ ಪಾರ್ಟಿ ಪಾಲಿಸಿಯಿದ್ದರೆ ಪುಕ್ಕಟೆ ಪ್ರಯಾಣಿಕರಿಗೆ ಕಂಪನಿ ಹೊಣೆಯಲ್ಲ. ಹಳೆಯ ಕಾರಿಗೆ ಥರ್ಡ್ ಪಾರ್ಟಿ ಮಾತ್ರ ಕಟ್ಟುವ ರೂಢಿ ನಮ್ಮಲ್ಲಿ ವ್ಯಾಪಕ. ಹಾಗೆ ಕಟ್ಟಿದ ಕಾರಿನಲ್ಲೇ ಗೆಳೆಯರ ಸಂಸಾರ ಪೂರ್ತಿ ಹತ್ತಿ ತಲಕಾಡಿಗೆ ಹೊರಡುತ್ತದೆ.

ಹಣ ಕೈಬದಲಾದ ಕ್ಷಣದಲ್ಲಿ ಎರವಲು ಬಾಡಿಗೆಯಾಗುತ್ತದೆ. ಖಾಸಗಿ ಪಾಲಿಸಿ ಬಾಡಿಗೆ ಓಡಾಟವನ್ನು ಸ್ಪಷ್ಟವಾಗಿ ಹೊರಗಿಡುತ್ತದೆ. ದಸರೆಯ ಜನಸಂದಣಿಯಲ್ಲಿ ಬಿಳಿ ಬೋರ್ಡಿನ ಕಾರನ್ನು ಪ್ರವಾಸಿಗರಿಗೆ ದಿನಕ್ಕಿಷ್ಟು ಎಂದು ಕೊಡುವವರು ಪರ್ಮಿಟ್ ಇಲ್ಲದ ಓಡಾಟದ ದಂಡಕ್ಕೂ ಗುರಿಯಾಗುತ್ತಾರೆ, ವಿಮೆಯನ್ನೂ ಕಳೆದುಕೊಳ್ಳುತ್ತಾರೆ. ಕುಡಿದು ಓಡಿಸಿದ್ದರೂ ಸ್ವಂತ ಹಾನಿಯ ಕ್ಲೇಮು ಸಿಗದು.

ಸಣ್ಣಪುಟ್ಟ ಜಖಂನ ನಷ್ಟವೂ ಕೊಟ್ಟವರದ್ದೇ. ಕ್ಲೇಮು ಮಾಡಿದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಮೊದಲ ವರ್ಷ ಶೇ. 20ರಿಂದ ಏರುತ್ತಾ ಐದನೆಯ ವರ್ಷಕ್ಕೆ ಶೇ. 50 ತಲುಪುವ ಈ ರಿಯಾಯಿತಿ ಸ್ನೇಹಿತರು ರಿಂಗ್ ರಸ್ತೆಯಲ್ಲಿ ಹಿಂದಿನ ಬಂಪರ್ ತಾಗಿಸಿದ್ದಕ್ಕೂ ಸೊನ್ನೆಗೆ ಇಳಿಯಬಹುದು. ರಿಪೇರಿಯ ಖರ್ಚು ಕಡಿಮೆಯಿದ್ದರೆ ಕಾರು ಪಡೆದವರೇ ಅದನ್ನು ಕೊಟ್ಟು, ಕ್ಲೇಮಿಗೆ ಹೋಗದಿರುವುದು ಲಾಭ. ಕಾರು ಕಳುವಾದರೆ ಕಂಪನಿ ಎರಡೂ ಮೂಲ ಕೀಲಿಗಳನ್ನು ಕೇಳುತ್ತದೆ, ಹಾಗಾಗಿ ಯಾರ ಬಳಿ ಯಾವ ಕೀಲಿ ಇದೆಯೆಂಬುದು ಗೊತ್ತಿರಬೇಕು. ಎಕ್ಸ್‌ಪ್ರೆಸ್‌ವೇಯ ಕ್ಯಾಮೆರಾ ಹಿಡಿದ ಅತಿವೇಗದ ಚಲನ್ನೂ ಮಾಲೀಕರ ಮೊಬೈಲಿಗೇ ಬರುತ್ತದೆ. ಓಡಿಸಿದ್ದು ಯಾರೆಂದು ಪೊಲೀಸರು ಕೇಳಿದರೆ 133ನೆಯ ಕಲಂ ಪ್ರಕಾರ ತಿಳಿಸಬೇಕು.

ಮಾರಿದರೂ ಹೆಸರು ಬದಲಿಸದ ಕಾರಿನದೂ ಇದೇ ಕಥೆ. ಛಾಪಾ ಕಾಗದದ ಮೇಲೆ ಬರೆಸಿಕೊಂಡು ಕೀಲಿ ಕೊಟ್ಟುಬಿಟ್ಟರೆ ಮುಗಿಯಿತು ಎಂದುಕೊಳ್ಳುವವರಿದ್ದಾರೆ. ನೋಂದಣಿಯಲ್ಲಿ ಹೆಸರಿರುವವರೇ ಮಾಲೀಕರು, ಕಾರು ಎಷ್ಟು ಕೈ ದಾಟಿದ್ದರೂ ಪರಿಹಾರದ ಹೊಣೆ ಅವರದ್ದೇ ಎಂದು 2018ರ ಫೆಬ್ರವರಿ 6ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ರಾಜ್ಯದೊಳಗೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ. ಕೆಎ-09 ಕಾರುಗಳಿಗೆ ಮೈಸೂರು ಪಶ್ಚಿಮ, ಕೆಎ-55 ಕಾರುಗಳಿಗೆ ಮೈಸೂರು ಪೂರ್ವ ಕಚೇರಿ. ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವರು 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಡಬೇಕು.