ಮೈಕ್ ಇಲ್ಲದ ರಾತ್ರಿಗಳು, ಡಾಲ್ಬಿ ರಾತ್ರಿಗಳು

ನಮ್ಮ ಗದಗ-ಬೆಟಗೇರಿ ಕಡೆ ನಿದ್ದೆಗೆಟ್ಟು ಹಾಡು ಕೇಳೋದು, ನಾಟಕ ನೋಡೋದು ಹೊಸದೇನಲ್ಲ. 1870ರ ದಶಕದಲ್ಲೇ ಶಾಂತಕವಿಗಳು (ಸಕ್ಕರಿ ಬಾಳಾಚಾರ್ಯರು) ಇಲ್ಲಿ ಕೃತಪುರ ನಾಟಕ ಮಂಡಳಿ ಕಟ್ಟಿದ್ದರು. ಕೃತಪುರ ಅಂದ್ರೆ ಗದಗೇ! ಆಮೇಲೆ ಶಿರಹಟ್ಟಿ ವೆಂಕೋಬರಾಯರ ಕಂಪನಿ ಬಂತು, ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಬಂತು.

ಆ ಕಾಲಕ್ಕೆ ಮೈಕ್ ಎಲ್ಲಿತ್ತು? ಅಮೆರಿಕದಲ್ಲಿ ಜೆನ್ಸನ್, ಪ್ರಿಡ್ಹ್ಯಾಮ್ ಅನ್ನೋ ಇಬ್ಬರು ತಮ್ಮ ಧ್ವನಿವರ್ಧಕವನ್ನು ಜನರೆದುರು ತೋರಿಸಿದ್ದೇ 1915ರಲ್ಲಿ. ಅಲ್ಲೀವರೆಗೆ ನಟ ಕಟ್ಟಕಡೆಯ ಸಾಲಿಗೂ ಕೇಳೋ ಹಾಗೆ ಏರುದನಿಯಲ್ಲಿ ಹಾಡಬೇಕಿತ್ತು, ಜೊತೆಗೆ ಹಾರ್ಮೋನಿಯಂ, ತಬಲಾ ಅಷ್ಟೇ. ಕೇಳುವವರೂ ಸದ್ದು ಮಾಡದೆ ಕೂರಬೇಕಿತ್ತು. ಸದ್ದಿಗೆ ಮನುಷ್ಯನ ಗಂಟಲೇ ಮಿತಿ.

ಗದಗಿನಲ್ಲಿ ಕಿವಿಗೆ ಇನ್ನೂ ಒಂದು ಬೆಲೆ ಇದೆ. ಹುಟ್ಟುಕುರುಡರಾಗಿದ್ದ ಪಂಚಾಕ್ಷರಿ ಗವಾಯಿಗಳು (1892-1944), ಅವರ ನಂತರ ಪುಟ್ಟರಾಜ ಗವಾಯಿಗಳು (1914-2010) ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟೋ ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು. ಆಶ್ರಮ ನಡೆಸಲು ಪುಟ್ಟರಾಜರು ನಾಟಕ ಕಂಪನಿಯನ್ನೂ ಕಟ್ಟಿದರು. ಆ ಮಕ್ಕಳಿಗೆ ಕಿವಿಯೇ ಪುಸ್ತಕ, ಕಿವಿಯೇ ಅನ್ನ.

ಈಗ? ಗಣಪತಿ ಮೆರವಣಿಗೆ ಇರಲಿ, ಮದುವೆ ಇರಲಿ, ಡಾಲ್ಬಿ ಬೇಕೇ ಬೇಕು. ನಾನು ಇಂಜಿನಿಯರ್ ನೋಡಿ, ಸ್ವಲ್ಪ ಲೆಕ್ಕ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ :) ಕಾರ್ಖಾನೆ ಕೆಲಸಗಾರರಿಗಾಗಿ ಅಮೆರಿಕದ ನಿಯೋಶ್ ಸಂಸ್ಥೆ ಹಾಕಿಕೊಟ್ಟ ಮಿತಿ ದಿನಕ್ಕೆ 85 ಡೆಸಿಬೆಲ್‌ನಲ್ಲಿ 8 ಗಂಟೆ. ಸದ್ದು 3 ಡೆಸಿಬೆಲ್ ಏರಿದರೆ ಸಮಯ ಅರ್ಧ. ಹಾಗೇ ಲೆಕ್ಕ ಹಾಕ್ತಾ ಹೋದರೆ 100 ಡೆಸಿಬೆಲ್‌ಗೆ ಸಿಗೋದು ಬರೀ 15 ನಿಮಿಷ! ಒಳಗಿವಿಯ ಕೂದಲಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟೋದಿಲ್ಲ. ಬೆಳಗ್ಗೆ ಕಿವಿಯಲ್ಲಿ ಗುಂಯ್ ಅನ್ನೋದು ಎಚ್ಚರಿಕೆ.

ಕಾನೂನು ಇದೆಯಲ್ಲ ಅಂತೀರಾ? ಇದೆ. 2000ದ ಶಬ್ದಮಾಲಿನ್ಯ ನಿಯಮಗಳು ಬಂದವು, 2005ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅವನ್ನು ಇನ್ನಷ್ಟು ಬಿಗಿ ಮಾಡಿತು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಚ್ಚೋ ಹಾಗಿಲ್ಲ. ಹಬ್ಬಗಳಿಗೆ ಅಂತ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ಸಡಿಲಿಕೆ ಕೊಡಬಹುದು. ಆದರೆ ಧ್ವನಿವರ್ಧಕದ ಸದ್ದಿನ ಮಿತಿ (ಗರಿಷ್ಠ 75 ಡೆಸಿಬೆಲ್) ಅಳೆಯೋದು ಆ ಜಾಗದ ಗಡಿಯಲ್ಲಿ. ಅಂದರೆ ಕಾನೂನು ಕಾಯೋದು ಮನೆಯಲ್ಲಿ ಮಲಗಿದವರನ್ನ. ಬಾಕ್ಸ್ ಮುಂದೆ ಕುಣಿಯೋ ಹುಡುಗರ ಕಿವಿಯನ್ನ ಅಲ್ಲ! ಅದನ್ನ ನಾವೇ ಕಾಯ್ಕೋಬೇಕು.

ಕಷ್ಟವೇನಿಲ್ಲ. ಬಯಲಲ್ಲಿ ಬಾಕ್ಸಿನಿಂದ ದೂರ ಎರಡರಷ್ಟಾದರೆ ಸುಮಾರು 6 ಡೆಸಿಬೆಲ್ ಇಳಿಯುತ್ತೆ. ಆಗಾಗ ಹೊರಬಂದು ಕಿವಿಗೆ ವಿಶ್ರಾಂತಿ ಕೊಡಿ. ಹತ್ತಿ ತುರುಕಿದರೆ ಅಷ್ಟೇನೂ ಉಪಯೋಗವಿಲ್ಲ, ಔಷಧಿ ಅಂಗಡಿಯಲ್ಲಿ ಫೋಮ್ ಇಯರ್‌ಪ್ಲಗ್ ಕೇಳಿ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತ ನಡೆಯೋ ಜಾಗಗಳಿಗೆ ಮಾಡಿದ ಮಾನದಂಡದಲ್ಲೂ ಇಯರ್‌ಪ್ಲಗ್, ಸದ್ದಿಲ್ಲದ ಜಾಗ ಎರಡೂ ಇವೆ.

ಕುಣೀಬೇಡಿ ಅಂತಿಲ್ಲ, ಕುಣೀರಿ. ಆದರೆ ನಾಳೆ ಗವಾಯಿಗಳ ಊರಲ್ಲಿ ಯಾರಾದರೂ ಮೈಕಿಲ್ಲದೆ ತಂಬೂರಿ ಮೀಟಿದರೆ ಅದು ನಮಗೆ ಕೇಳಬೇಕಲ್ವಾ?

ನಿಮ್ಮೂರಿನ ಜಾತ್ರೆಯಲ್ಲಿ ಹೇಗಿದೆ? ಬರೀರಿ...