ಸೇಲಂ–ಧರ್ಮಪುರಿ ಸೀಮೆಯ ಆಡುಗನ್ನಡದಲ್ಲಿ ‘ಹಾರ್ಮೋನು’: ಅರ್ಥವ್ಯಾಪ್ತಿಯ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ಇಲ್ಲಿ ‘ಸೇಲಂ–ಧರ್ಮಪುರಿ ಸೀಮೆ’ ಎಂದರೆ ಹಳೆಯ ಅವಿಭಜಿತ ಸೇಲಂ ಜಿಲ್ಲೆಯ ನೆಲ. 2-10-1965ರಂದು ಧರ್ಮಪುರಿ, 1-1-1997ರಂದು ನಾಮಕ್ಕಲ್ ಅದರಿಂದ ಬೇರೆಯಾದವು. 9-2-2004ರಂದು ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾಯಿತು. ಹೊಸೂರು, ಡೆಂಕಣಿಕೋಟೆಗಳ ಕನ್ನಡಿಗರು ಈಗಿನ ನಕ್ಷೆಯಲ್ಲಿ ಕೃಷ್ಣಗಿರಿಯವರು. ಸೇಲಂ ನಗರದ ದೇವಾಂಗ ನೇಕಾರರ ಕನ್ನಡವನ್ನೂ ಹೊಗೆನಕಲ್ಲಿನ ಆಸುಪಾಸಿನ ಬೇಸಾಯಗಾರರ ಕನ್ನಡವನ್ನೂ ಒಂದೇ ಪ್ರಭೇದವೆಂದು ಎಣಿಸಲಾಗದು. ಎರಡೂ ತಮಿಳಿನ ಒಡನಾಟದಲ್ಲಿವೆ ಎಂಬುದಷ್ಟೇ ಈ ಟಿಪ್ಪಣಿಗೆ ಸಾಕಾಗುವ ಸಾಮ್ಯ.

2. ಪದದ ಕಾಲ

ಪದಕ್ಕೂ ಪದಾರ್ಥಕ್ಕೂ ಕಾಲದಲ್ಲಿ ವ್ಯತ್ಯಾಸವಿದೆ. ಥೈರಾಯ್ಡ್ ಸತ್ವದಿಂದ ಜಾರ್ಜ್ ಮರ್ರೆ ಚಿಕಿತ್ಸೆ ಮಾಡಿದ್ದು 1891ರಲ್ಲಿ; ಬೇಲಿಸ್ ಮತ್ತು ಸ್ಟಾರ್ಲಿಂಗ್ ಸೆಕ್ರೆಟಿನ್ ಕಂಡುಕೊಂಡದ್ದು 1902ರಲ್ಲಿ. ‘ಹಾರ್ಮೋನ್’ ಎಂಬ ಹೆಸರು ಬಂದದ್ದು 1905ರ ಜೂನ್ ತಿಂಗಳಲ್ಲಿ, ಸ್ಟಾರ್ಲಿಂಗ್ ಲಂಡನ್ನಿನಲ್ಲಿ ನೀಡಿದ ಕ್ರೂನಿಯನ್ ಉಪನ್ಯಾಸಗಳಲ್ಲಿ. ಮೂಲ ಗ್ರೀಕ್ ಧಾತುವಿಗೆ ‘ಚಲನೆಗೆ ತೊಡಗಿಸು’, ‘ಪ್ರೇರಿಸು’ ಎಂಬ ಅರ್ಥ. ಕೇಂಬ್ರಿಜ್‌ನ ಊಟದ ಮೇಜಿನ ಮಾತುಕತೆಯೊಂದರಲ್ಲಿ ಡಬ್ಲ್ಯು. ಟಿ. ವೀಸಿ ಎಂಬ ವಿದ್ವಾಂಸರು ಈ ಧಾತುವನ್ನು ಸೂಚಿಸಿದರೆಂಬ ಮಾತಿದೆ. ಅದು ಮೂರು ದಶಕಗಳ ಬಳಿಕ ಜೋಸೆಫ್ ನೀಡಮ್ ಬರೆದ ಟಿಪ್ಪಣಿಯನ್ನು ಅವಲಂಬಿಸಿದೆ. ಆದ್ದರಿಂದ ಪರಂಪರೆಯ ಹೇಳಿಕೆಯಾಗಿಯೇ ಉಳಿಯಬೇಕು.

ಲೆ ಫಾನುವಿನ ಸೇಲಂ ಕೈಪಿಡಿ (1883) ಮತ್ತು ಕಿಟೆಲ್ ನಿಘಂಟು (1894) ಎರಡೂ ಈ ಪದಕ್ಕಿಂತ ಹಳೆಯವು. ಈ ಸೀಮೆಯ ಮಾತಿನಲ್ಲಿ ಪದಕ್ಕೆ 1905ಕ್ಕಿಂತ ಹಿಂದಿನ ಇತಿಹಾಸ ಹುಡುಕುವಂತಿಲ್ಲ.

3. ಪಾರಿಭಾಷಿಕ ಪರ್ಯಾಯಗಳು

ಕನ್ನಡದ ಪರ್ಯಾಯಗಳು ಬೇರೆಬೇರೆ ಲಕ್ಷಣಗಳನ್ನು ಹಿಡಿದಿವೆ. ‘ಚೋದಕ’ ಕೆಲಸವನ್ನು ಹೇಳುತ್ತದೆ, ಗ್ರೀಕ್ ಧಾತುವಿಗೆ ಅತ್ಯಂತ ಹತ್ತಿರ. ‘ಅಂತಃಸ್ರಾವ’ ಹರಿಯುವ ದಿಕ್ಕನ್ನು ಹೇಳುತ್ತದೆ. ‘ನಿರ್ನಾಳ ಗ್ರಂಥಿ’ ಅಂಗರಚನೆಯನ್ನು ಹೇಳುತ್ತದೆ. ಅದು ಹಾರ್ಮೋನಿನ ಹೆಸರಲ್ಲ, ಅದನ್ನು ಸ್ರವಿಸುವ ಅಂಗದ ಹೆಸರು. ತಮಿಳಿನ ‘ನಾಳಮಿಲ್ಲಾಚ್ ಸುರಪ್ಪಿ’ ಇದಕ್ಕೆ ಸಂವಾದಿ; ‘ಇಯಕ್ಕುನೀರ್’ ಎಂಬುದು ‘ಚೋದಕ’ದ ಸಮೀಪಕ್ಕೆ ಬರುತ್ತದೆ.

2006ರ ತಮಿಳು ಕಲಿಕಾ ಕಾಯಿದೆ ತಮಿಳುನಾಡಿನ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಹಂತಹಂತವಾಗಿ ತಮಿಳನ್ನು ಕಡ್ಡಾಯ ಮಾಡಿತು. ಆ ಬಳಿಕದ ಪೀಳಿಗೆಗೆ ‘ನಿರ್ನಾಳ ಗ್ರಂಥಿ’ಗಿಂತ ‘ಸುರಪ್ಪಿ’ ಹೆಚ್ಚು ಪರಿಚಿತವಾಗಿರುವ ಸಂಭವವಿದೆ. ಆಡುಮಾತಿನಲ್ಲಿ ಮಾತ್ರ ಎರಡು ಭಾಷೆಯವರೂ ಹೇಳುವುದು ‘ಹಾರ್ಮೋನ್’ ಎಂದೇ.

4. ದೇಹ: ಹೆಸರು ಪಡೆಯದ ಹಾರ್ಮೋನುಗಳು

4.1. ‘ಥೈರಾಯ್ಡ್ ಇದೆ’, ‘ಥೈರಾಯ್ಡ್ ಬಂದಿದೆ’ ಎಂಬ ಮಾತಿನಲ್ಲಿ ಗ್ರಂಥಿಯ ಹೆಸರು ರೋಗದ ಹೆಸರಾಗಿದೆ. ‘ಶುಗರ್ ಇದೆ’, ‘ಬಿಪಿ ಇದೆ’ ಎಂಬವು ಇದೇ ಮಾದರಿಯವು. ಗ್ರಂಥಿ ಎಲ್ಲರಿಗೂ ಇರುವಂಥದೇ ಎಂಬುದು ಮಾತಿನ ಆಚೆಗೆ ಉಳಿಯುತ್ತದೆ.

4.2. ‘ಥೈರಾಯ್ಡ್ ಜಾಸ್ತಿ’ ಎಂಬ ಮಾತು ಹಲವು ವೇಳೆ ಪರೀಕ್ಷಾ ಚೀಟಿಯ ಟಿಎಸ್‌ಎಚ್ ಅಂಕಿಯನ್ನು ಕುರಿತದ್ದು. ಟಿಎಸ್‌ಎಚ್ ಥೈರಾಯ್ಡಿನ ಹಾರ್ಮೋನಲ್ಲ, ಪಿಟ್ಯುಟರಿ ಗ್ರಂಥಿಯದು. ಅದು ಏರಿದಾಗ ಸಾಮಾನ್ಯವಾಗಿ ಥೈರಾಯ್ಡಿನ ಕೆಲಸ ತಗ್ಗಿದೆ ಎಂದರ್ಥ. ಮಾತು ಮತ್ತು ಸ್ಥಿತಿ ಇಲ್ಲಿ ಪರಸ್ಪರ ವಿರುದ್ಧ.

4.3. ಬೆಳಗಿನ ‘ಥೈರಾಯ್ಡ್ ಮಾತ್ರೆ’ಯಲ್ಲಿರುವ ಲೆವೊಥೈರಾಕ್ಸಿನ್ ಹಾರ್ಮೋನೇ, 1922ರ ಜನವರಿಯಲ್ಲಿ ಮೊದಲ ಬಾರಿ ರೋಗಿಗೆ ಕೊಟ್ಟ ಇನ್ಸುಲಿನ್ ಸಹ ಹಾರ್ಮೋನೇ. ಆಡುಮಾತಿನಲ್ಲಿ ಇವೆರಡಕ್ಕೂ ಆ ಹೆಸರು ಅಪರೂಪ. ‘ಹಾರ್ಮೋನ್ ಮಾತ್ರೆ’ ಎಂದರೆ ಬಹುಮಟ್ಟಿಗೆ ಮುಟ್ಟಿಗೆ ಸಂಬಂಧಿಸಿದ ಮಾತ್ರೆ. ‘ಹಾರ್ಮೋನ್ ಏರುಪೇರು’ ಕೂಡ ಹೆಚ್ಚಾಗಿ ಹೆಂಗಸರ ವಿಷಯದಲ್ಲೇ ಕೇಳಿಬರುತ್ತದೆ. ದೇಹ ತಾನೇ ಸ್ರವಿಸುವ ವಸ್ತು ಎಂಬ ಮೂಲಾರ್ಥ ಉಳಿದಿರುವ ಮುಖ್ಯ ಬಳಕೆ ಇದೊಂದೇ ಎನ್ನಬಹುದು.

5. ಕೋಳಿ: ಹಾರ್ಮೋನಿಲ್ಲದ ಹೆಸರು

ಬ್ರಾಯ್ಲರ್ ಕೋಳಿಯನ್ನು ‘ಹಾರ್ಮೋನ್ ಕೋಳಿ’ ಎಂದೂ ತಮಿಳಿನಲ್ಲಿ ‘ಊಸಿ ಪೋಟ್ಟ ಕೋಳಿ’ (ಸೂಜಿ ಹಾಕಿದ ಕೋಳಿ) ಎಂದೂ ಕರೆಯುವುದುಂಟು. ಎದುರು ಪದ ‘ನಾಟಿ ಕೋಳಿ’. ಮೂರು ಅಂಶ ಗಮನಾರ್ಹ.

(ಅ) ಈ ಮಾತು ನಾಮಕ್ಕಲ್ ಹೆಸರಿಗೂ ಅಂಟಿಕೊಳ್ಳುತ್ತದೆ. ನಾಮಕ್ಕಲ್ ಮುಖ್ಯವಾಗಿ ಮೊಟ್ಟೆ ಕೋಳಿಯ ಕೇಂದ್ರ; ಮಾಂಸದ ಕೋಳಿಗೆ ಹೆಸರಾದದ್ದು ಪಲ್ಲಡಂ.

(ಆ) ಬೇಗ ಬೆಳೆಯಲು ಕಾರಣ ಮುಖ್ಯವಾಗಿ ತಳಿ ಆಯ್ಕೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 1957, 1978 ಮತ್ತು 2005ರ ತಳಿಗಳನ್ನು ಒಂದೇ ಮೇವಿನಲ್ಲಿ ಸಾಕಿದಾಗ 56ನೆಯ ದಿನದ ಸರಾಸರಿ ತೂಕ ಅನುಕ್ರಮವಾಗಿ 905, 1,808 ಮತ್ತು 4,202 ಗ್ರಾಂ. ಬೆಳವಣಿಗೆ ಹಾರ್ಮೋನು ಪ್ರೋಟೀನಾದ್ದರಿಂದ ಮೇವಿನಲ್ಲಿ ಬೆರೆಸಿದರೆ ಜೀರ್ಣವಾಗಿಬಿಡುತ್ತದೆ. ಸ್ಟಿರಾಯ್ಡ್ ವರ್ಗಕ್ಕೆ ಈ ಎರಡನೆಯ ವಾದ ಅನ್ವಯಿಸದು ಎಂಬುದನ್ನೂ ಹೇಳಬೇಕು.

(ಇ) ‘ಊಸಿ’ ಎಂಬ ಮಾತಿಗೆ ನಿಜವಾದ ಆಧಾರವೊಂದು ಇದ್ದಿರಬಹುದು: ಕೊಕ್ಕರೆ ರೋಗ, ಅಂದರೆ ರಾಣಿಖೇತ್ ರೋಗವೇ ಮೊದಲಾದವಕ್ಕೆ ಹಾಕುವ ಲಸಿಕೆ. ಆಂಟಿಬಯಾಟಿಕ್ ಬಳಕೆಯ ಪ್ರಶ್ನೆ ಪ್ರತ್ಯೇಕ, ಗಂಭೀರ; ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಕೊಲಿಸ್ಟಿನ್ ಬಳಕೆಯನ್ನು ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ನಿಷೇಧಿಸಿತು. ಅದು ಹಾರ್ಮೋನಲ್ಲ.

6. ಹಾಲು: ಹಳೆಯ ಕ್ರಿಯಾಪದ, ಹೊಸ ಸೂಜಿ

ಕರು ಮೊಲೆಗೆ ಬಾಯಿಟ್ಟಾಗ ಪಿಟ್ಯುಟರಿಯಿಂದ ಆಕ್ಸಿಟೋಸಿನ್ ರಕ್ತಕ್ಕೆ ಸೇರಿ ಕೆಚ್ಚಲಿನ ಕೋಶಗಳನ್ನು ಸಂಕುಚಿಸುತ್ತದೆ, ಹಾಲು ಇಳಿಯುತ್ತದೆ. ಇದಕ್ಕೆ ಕನ್ನಡದಲ್ಲಿ ‘ತೊರೆ ಬಿಡು’, ‘ಸೊರ ಬಿಡು’ ಎಂಬ ಮಾತುಗಳಿವೆ. (‘ತ್ಯಜಿಸು’ ಎಂಬ ಅರ್ಥದ ‘ತೊರೆ’ ಬೇರೆ.) ತಮಿಳಿನಲ್ಲಿ ಹಾಲು ‘ಸುರಕ್ಕುಂ’, ಗ್ರಂಥಿವಾಚಿ ‘ಸುರಪ್ಪಿ’ ಇದೇ ಧಾತುವಿನದು. ‘ಸೊರ’ ಮತ್ತು ‘ಸುರ’ ಜ್ಞಾತಿಪದಗಳಂತೆ ತೋರುತ್ತವೆ. ಆದರೆ ಮುಂದಿನ ವಾದಕ್ಕೆ ಆ ಸಂಬಂಧ ಅನಿವಾರ್ಯವಲ್ಲ. ರಕ್ತದ ಮೂಲಕ ಸಾಗಿ ಬೇರೊಂದು ಅಂಗವನ್ನು ಪ್ರೇರಿಸುವ ವಸ್ತು ಎಂಬ ಸ್ಟಾರ್ಲಿಂಗ್ ವಿವರಣೆಗೆ ಚೆನ್ನಾಗಿ ಹೊಂದುವ ಕ್ರಿಯೆಯೊಂದಕ್ಕೆ ಕೊಟ್ಟಿಗೆಯಲ್ಲಿ ಮೊದಲೇ ಹೆಸರಿತ್ತು ಎಂಬುದಷ್ಟೇ ಇಲ್ಲಿ ಮುಖ್ಯ.

ಆಕ್ಸಿಟೋಸಿನ್ನನ್ನು ಪ್ರಯೋಗಾಲಯದಲ್ಲಿ ಸಂಶ್ಲೇಷಿಸಿದ್ದು 1953ರಲ್ಲಿ. ಕರುವಿನ ಬದಲು ಸೂಜಿ ಬಂದಲ್ಲಿ ಅದನ್ನು ‘ಹಾಲಿನ ಇಂಜೆಕ್ಷನ್’ ಎನ್ನುವುದು ರೂಢಿ. ‘ಆಕ್ಸಿಟೋಸಿನ್ ನಿಷೇಧವಾಗಿದೆ’ ಎಂಬ ಹೇಳಿಕೆಗೆ ತಿದ್ದುಪಡಿ ಬೇಕು. 27-4-2018ರ ಕೇಂದ್ರ ಅಧಿಸೂಚನೆ ದೇಶೀಯ ಬಳಕೆಯ ತಯಾರಿಕೆಯನ್ನು ಸಾರ್ವಜನಿಕ ವಲಯಕ್ಕೆ ಸೀಮಿತಗೊಳಿಸಿತು. ಪ್ರಾಯೋಗಿಕವಾಗಿ ಅದು ಬೆಂಗಳೂರಿನ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಸಂಸ್ಥೆಯ ಪಾಲಾಯಿತು. 14-12-2018ರಂದು ದೆಹಲಿ ಹೈಕೋರ್ಟ್ ಆ ಅಧಿಸೂಚನೆಯನ್ನು ರದ್ದುಪಡಿಸಿತು. ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಈ ಔಷಧ ಅತ್ಯಗತ್ಯ ಎಂಬುದು ವ್ಯಾಜ್ಯದ ಮುಖ್ಯಾಂಶಗಳಲ್ಲಿ ಒಂದು.

7. ಮಾವು: ಹಾರ್ಮೋನು, ಪ್ರತಿಹಾರ್ಮೋನು, ಕಲ್ಲು

ಧರ್ಮಪುರಿ–ಕೃಷ್ಣಗಿರಿಯ ಮಾವಿನ ತೋಪುಗಳಲ್ಲಿ ಸಿಂಪಡಣೆಗಳಿಗೆ ‘ಟಾನಿಕ್’ ಎಂಬ ಹೆಸರೂ ‘ಹಾರ್ಮೋನ್’ ಎಂಬ ಹೆಸರೂ ಸಲ್ಲುತ್ತವೆ. ಗಿಡಕ್ಕೆ ರಕ್ತವಿಲ್ಲ, ಆದ್ದರಿಂದ 1905ರ ವಿವರಣೆ ಇಲ್ಲಿ ವಿಸ್ತೃತಾರ್ಥದಲ್ಲಷ್ಟೇ ಸಲ್ಲುತ್ತದೆ. ಹೂ ಬಿಡಿಸಲು ಬುಡಕ್ಕೆ ಹಾಕುವ ಪ್ಯಾಕ್ಲೊಬ್ಯುಟ್ರಜಾಲ್ ಹಾರ್ಮೋನಲ್ಲ. ಜಿಬ್ಬರೆಲಿನ್ ಎಂಬ ಸಸ್ಯ ಹಾರ್ಮೋನಿನ ಉತ್ಪತ್ತಿಯನ್ನು ತಡೆಯುವ ವಸ್ತು.

ಹಣ್ಣು ಮಾಡುವ ಹಂತದಲ್ಲಿ ವ್ಯತ್ಯಾಸ ಇನ್ನೂ ಸ್ಪಷ್ಟ. ತಮಿಳಿನಲ್ಲಿ ‘ಕಲ್ಲು’ ಎನಿಸಿಕೊಳ್ಳುವ ಕ್ಯಾಲ್ಸಿಯಂ ಕಾರ್ಬೈಡ್ ತೇವ ತಗುಲಿದಾಗ ಅಸಿಟಿಲೀನ್ ಬಿಡುತ್ತದೆ. ಅಸಿಟಿಲೀನ್ ಸಸ್ಯ ಹಾರ್ಮೋನಲ್ಲ, ಹಣ್ಣು ಮಾಡಲು ಅದರ ಬಳಕೆಗೆ 2011ರ ಆಹಾರ ಸುರಕ್ಷತಾ ನಿಯಮಾವಳಿಯಲ್ಲಿ ನಿಷೇಧವಿದೆ. 100 ಪಿಪಿಎಂವರೆಗೆ ಅನುಮತಿಯಿರುವ ಎಥಿಲೀನ್ ಹಣ್ಣೇ ಹೊರಸೂಸುವ ಹಾರ್ಮೋನು. ಮಾಗುವ ಹಣ್ಣು ಅದನ್ನು ಉತ್ಪಾದಿಸುತ್ತದೆಂದು ಗೇನ್ ತೋರಿಸಿದ್ದು 1934ರಲ್ಲಿ. ‘ಹಾರ್ಮೋನ್ ಹಾಕಿದ ಹಣ್ಣು’ ಎಂಬ ದೂರು ಕಾರ್ಬೈಡಿಗೂ ಎಥಿಲೀನಿಗೂ ಒಂದೇ ಸಮನೆ ಅಂಟುತ್ತದೆ.

8. ತಾತ್ಕಾಲಿಕ ನಿಲುವು

ಇನ್ಸುಲಿನ್, ಲೆವೊಥೈರಾಕ್ಸಿನ್ ಹಾರ್ಮೋನುಗಳು. ಆ ಹೆಸರಿನಿಂದ ಕರೆಯುವುದು ವಿರಳ. ಬ್ರಾಯ್ಲರ್ ಮೇವು, ಲಸಿಕೆ, ಕಾರ್ಬೈಡ್ ಹಾರ್ಮೋನುಗಳಲ್ಲ. ಆ ಹೆಸರು ಅವಕ್ಕೆ ಸುಲಭವಾಗಿ ಅಂಟುತ್ತದೆ. ಆಡುಮಾತಿನ ಪದ ವಸ್ತುವಿನ ವರ್ಗಕ್ಕಿಂತ ಹೊರಗಿನಿಂದ ಸೇರಿಸಿದ್ದರ ಬಗೆಗಿನ ಶಂಕೆಯನ್ನು ಸೂಚಿಸುತ್ತಿರುವಂತಿದೆ. 4.3ರ ‘ಏರುಪೇರು’ ಇದಕ್ಕೆ ಒಪ್ಪದ ಉದಾಹರಣೆ, ಅದನ್ನು ಮರೆಮಾಚುವಂತಿಲ್ಲ. ಈ ಲಕ್ಷಣ ಈ ಸೀಮೆಗಷ್ಟೇ ವಿಶಿಷ್ಟ ಎಂದೂ ಇಲ್ಲಿ ವಾದಿಸಿಲ್ಲ.

ನಿಘಂಟಿನ ನಮೂದಿನಲ್ಲಿ ಎರಡು ಅರ್ಥ ಕೊಡುವುದು ಸೂಕ್ತ: (1) ಜೀವಿ ತಾನೇ ಸ್ರವಿಸುವ ಚೋದಕ, (2) ಬೆಳವಣಿಗೆ, ಇಳುವರಿ ಅಥವಾ ಮಾಗುವಿಕೆಗಾಗಿ ಹೊರಗಿನಿಂದ ಕೊಟ್ಟರೆಂದು ಶಂಕಿಸುವ ವಸ್ತು. ಎರಡನೆಯದಕ್ಕೆ ‘ತಪ್ಪು ಬಳಕೆ’ ಎಂಬ ಗುರುತು ಬೇಡ. ‘ಆಡುಮಾತು’ ಎಂಬ ಗುರುತು ಸಾಕು.